ಓಡುವಾಗ ತಂಪು, ನಿಂತರೆ ಕೆಂಡ: ಹಳೇ ಕಾರು ಕಾಯುವ ಕಾರಣ ಹುಡುಕುವ ಬಗೆ

ಉಣಕಲ್ ದಾಟಿ ವಿದ್ಯಾನಗರದ ಕಡೆ ಬರುತ್ತಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬಲಗಡೆ ಚಿಗರಿ ಬಸ್ಸು (ಅವಳಿ ನಗರದ ಬಿಆರ್‌ಟಿಎಸ್ ಬಸ್ಸಿಗೆ ಜಿಂಕೆಯ ಈ ಹೆಸರು) ಹೆಸರಿಗೆ ತಕ್ಕಂತೆ ತನ್ನ ದಾರಿಯಲ್ಲಿ ನೆಗೆದು ಹೋಗುತ್ತಿತ್ತು, ನಮ್ಮ ಸಾಲು ಮಾತ್ರ ಇದ್ದಲ್ಲೇ ಇತ್ತು. ಧಾರವಾಡ ಬಿಟ್ಟಾಗಿನಿಂದ ನಡುಮಧ್ಯ ಸುಮ್ಮನೆ ನಿಂತಿದ್ದ ಹೀಟ್ ಮೀಟರಿನ ಮುಳ್ಳು ಐದೇ ನಿಮಿಷದಲ್ಲಿ ಕೆಂಪು ಗೆರೆಯ ಪಕ್ಕಕ್ಕೆ ಬಂತು. ಗಾಡಿ ಅಪ್ಪ ಕೊಂಡಿದ್ದು, 1997ರ ಮಾರುತಿ 800.

ಅಲ್ಲಿಂದ ಮೂರು ವಾರ ಗ್ಯಾರೇಜು ಸುತ್ತಿದೆ. ಮೊದಲನೆಯವರು ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಕಾವಿಗೆ ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು) ಕಿತ್ತು ಕೈಗೆ ಕೊಟ್ಟರು, 'ಇನ್ನ ಕಾಯೂದಿಲ್ಲ ಬಿಡ್ರಿ' ಅಂದರು. ಕಾಯಿತು. ಎರಡನೆಯವರು ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ (ನಳಿಕೆಗಳಲ್ಲಿ ಸರಳು ತೂರಿಸಿ ಕಸ ತೆಗೆಯುವುದು) ಮಾಡಿಸಿ ಹೊಸ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಹಾಕಿದರು. ಆಗಲೂ ಕಾಯಿತು. ಕೊನೆಗೆ ಹಳೇ ಹುಬ್ಬಳ್ಳಿಯ ವಯಸ್ಸಾದ ಮಿಸ್ತ್ರಿ ಕಾಕಾ ಒಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು: 'ನಿಂತಾಗ ಕಾಯತೈತೋ, ಓಡುಮುಂದ ಕಾಯತೈತೋ?'

ನಿಂತಾಗ ಮಾತ್ರ ಅಂದೆ. ಎಂಜಿನ್ ಚಾಲೂ ಮಾಡಿಸಿ, ಫ್ಯಾನ್ ತಿರುಗುವ ತನಕ ಕಾದು, ಮಿರ್ಚಿ ಕಟ್ಟಿ ತಂದಿದ್ದ ಪೇಪರಿನ ತುಂಡನ್ನು ಮುಂದಿನ ಜಾಳಿಗೆಗೆ ಹಿಡಿದರು. ಪೇಪರು ಜಾಳಿಗೆಗೆ ಅಂಟಬೇಕಿತ್ತು. ಅದು ಹಾರಿ ಅವರ ಎದೆಗೆ ಬಡಿಯಿತು. 'ನೋಡ್ರಿ ಸರ, ಪಂಖಾ ಉಲ್ಟಾ ತಿರಗಾಕ ಹತ್ತೈತಿ. ಮೋಟರ್ ಹಾಕಿದವ್ರು ವಾಯರ್ ಅದಲಬದಲ ಮಾಡ್ಯಾರ.'

ಫೆಬ್ರುವರಿಯಲ್ಲಿ ಫ್ಯಾನ್ ಮೋಟರ್ ಬದಲಿಸಿದ್ದು ಆಗ ನೆನಪಾಯಿತು. ವಾಯರು ಕೂಡಿಸುವ ಪ್ಲಗ್ಗು, ಅಂದರೆ ಕಪ್ಲರ್, ಹೊಂದಲಿಲ್ಲ ಎಂದು ಕತ್ತರಿಸಿ, ಎರಡು ವಾಯರು ಹೊಸೆದು ಟೇಪ್ ಸುತ್ತಿದ್ದರು. ಇಂಥ ಮೋಟರುಗಳಲ್ಲಿ ಎರಡು ವಾಯರು ಅದಲುಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಎಂಜಿನ್ನಿನ ಬಿಸಿ ಗಾಳಿಯನ್ನೇ ಫ್ಯಾನು ರೇಡಿಯೇಟರಿನ ಮೂಲಕ ಮುಂದಕ್ಕೆ ದೂಡುತ್ತಿತ್ತು. ಕಾಕಾ ವಾಯರು ತಿರುಗಿಸಿ ಕಟ್ಟಿದರು, ಹತ್ತು ನಿಮಿಷದ ಕೆಲಸ. ಥರ್ಮೋಸ್ಟಾಟ್ ಹೊಸದು ತಂದು ಮತ್ತೆ ಹಾಕಿಸಿ ಎಂದೂ ಹೇಳಿದರು.

ಅವರು ಕೇಳಿದ ಆ ಪ್ರಶ್ನೆಯೇ ಈ ಬರಹದ ಬೆನ್ನೆಲುಬು. ಸಾಮಾನು ಬದಲಿಸುತ್ತ ಹೋದರೆ ಎಂದೋ ಒಂದು ದಿನ ಸರಿಯಾದ ಸಾಮಾನು ಸಿಕ್ಕೇ ಸಿಗುತ್ತದೆ, ಆದರೆ ಅಷ್ಟರಲ್ಲಿ ಜೇಬು ಬರಿದಾಗಿರುತ್ತದೆ. ಕೆಳಗಿನ ಕ್ರಮದಲ್ಲಿ ಹೋದರೆ ಮೊದಲರ್ಧಕ್ಕೆ ಖರ್ಚೇ ಇಲ್ಲ.

ನಿಂತಾಗಲೇ ಯಾಕೆ?

ನಮ್ಮಲ್ಲಿ ಚಹಾ ಸುಡುತ್ತಿದ್ದರೆ ಬಸಿಗೆ ಸುರಿದು ಊದಿ ಕುಡಿಯುತ್ತೇವೆ. ರೇಡಿಯೇಟರ್ ಅಂದರೆ ಆ ಬಸಿಯೇ. ಬಿಸಿ ನೀರನ್ನು ತೆಳ್ಳಗೆ ಹರವಿ ಗಾಳಿಗೆ ಒಡ್ಡುತ್ತದೆ. ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಎದುರಿನ ಗಾಳಿ ಸೆಕೆಂಡಿಗೆ 16 ಮೀಟರಿಗಿಂತ ಜೋರಾಗಿ ಬಂದು ಬಡಿಯುತ್ತದೆ, ಊದುವ ಕೆಲಸ ಅದೇ ಮಾಡುತ್ತದೆ. ನಿಂತರೆ ಊದಲು ಫ್ಯಾನ್ ಒಂದೇ. ಅದರ ಜೊತೆಗೆ, ಎಂಜಿನ್ ನಿಧಾನಕ್ಕೆ ತಿರುಗುವಾಗ ವಾಟರ್ ಪಂಪೂ ನಿಧಾನಕ್ಕೆ ತಿರುಗುತ್ತದೆ, ನೀರು ಓಡುವುದು ಕಡಿಮೆ.

ಆದ್ದರಿಂದ ಮೊದಲು ಒಂದು ರಸ್ತೆ ಪರೀಕ್ಷೆ. ಮುಂಜಾನೆ ಕೂಲಂಟ್ ಮಟ್ಟ ನೋಡಿಕೊಂಡು ಗಬ್ಬೂರಿನಿಂದ ನರೇಂದ್ರದ ಬೈಪಾಸಿನಲ್ಲಿ 60-70ರಲ್ಲಿ ಒಂದಷ್ಟು ದೂರ ಹೋಗಿ ಬನ್ನಿ. ಅಲ್ಲಿ ಮುಳ್ಳು ನಡುವಿನಲ್ಲೇ ಇದ್ದು, ಊರೊಳಗೆ ಬಂದು ಚನ್ನಮ್ಮ ಸರ್ಕಲ್‌ನಲ್ಲೋ ಧಾರವಾಡದ ಟೋಲ್ ನಾಕಾದಲ್ಲೋ ನಿಂತಾಗ ಮಾತ್ರ ಏರಿದರೆ ಗಾಳಿಯ ಕಡೆ ಹುಡುಕಿ: ಫ್ಯಾನ್, ಅದರ ವಾಯರಿಂಗ್, ಗಾಳಿ ಬರುವ ದಾರಿ. ಬೈಪಾಸಿನಲ್ಲೂ, ಅದರಲ್ಲೂ ಏರು ಹತ್ತುವಾಗ ಅಥವಾ ವೇಗ ಹೆಚ್ಚಿದಾಗ ಏರಿದರೆ ನೀರಿನ ಕಡೆ ಹುಡುಕಿ: ಒಳಗೆ ಕಟ್ಟಿದ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಸವೆದ ಪಂಪು. ಎರಡೂ ಕಡೆ ಕಾದರೆ ಕೂಲಂಟ್ ಕಡಿಮೆ ಇರಬಹುದು, ಇಲ್ಲವೇ ವಿಷಯ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್‌ವರೆಗೆ ಹೋಗಿರಬಹುದು.

ಮುಳ್ಳು ಏರುತ್ತಿರುವಾಗ ಏನು ಮಾಡಬೇಕು

ಎಸಿ ಬಂದ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಹೀಟರಿನ ಒಳಗಿರುವುದೂ ಒಂದು ಸಣ್ಣ ರೇಡಿಯೇಟರೇ. ಗೇರ್ ನ್ಯೂಟ್ರಲ್‌ಗೆ ತಂದು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಪಂಪು ನೀರನ್ನು ಬೇಗ ತಿರುಗಿಸುತ್ತದೆ. ಅಂಬಾಸಿಡರ್, ಪದ್ಮಿನಿಯಂಥ ಬೆಲ್ಟ್ ಫ್ಯಾನಿನ ಗಾಡಿಗಳಿಗೆ ಇದರಿಂದ ಗಾಳಿಯೂ ಹೆಚ್ಚುತ್ತದೆ. ಇಷ್ಟಾದರೂ ಮುಳ್ಳು ಕೆಂಪು ಮುಟ್ಟಿದರೆ ಬದಿಗೆ ತೆಗೆದು ಎಂಜಿನ್ ಆಫ್ ಮಾಡಿ. 'ಮನಿ ಇಲ್ಲೇ ಐತಿ, ಎರಡ ಕಿಲೋಮೀಟರ್' ಅನ್ನುವ ಲೆಕ್ಕಾಚಾರದಲ್ಲೇ ಹೆಡ್ಡು ಸೊಟ್ಟಗಾಗುವುದು.

ಕೆಂಪಿನಲ್ಲಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಖುಷಿಪಡಬೇಡಿ. ಸೆನ್ಸರಿನ ಸುತ್ತ ನೀರೇ ಉಳಿದಿಲ್ಲ ಎಂದೂ ಅದರ ಅರ್ಥ ಇರಬಹುದು. ತಕ್ಷಣ ನಿಲ್ಲಿಸಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬಾರದು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರಿನೊಳಗೆ ಒತ್ತಡ ಇರುವುದರಿಂದ 110 ಡಿಗ್ರಿಯಲ್ಲೂ ನೀರು ಕುದಿಯದೆ ಇರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಹೋಗಿ ಇದ್ದ ನೀರೆಲ್ಲ ಉಕ್ಕಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಎರಕದ ಲೋಹ ಸೀಳುತ್ತದೆ. ಮುಕ್ಕಾಲು ಗಂಟೆ ಯಾವುದಾದರೂ ಮರದ ನೆರಳಿಗೆ ಹೋಗಿ ನಿಲ್ಲಿ.

ತಣ್ಣಗಿರುವಾಗ ಶುರು ಮಾಡಿ

ಪರೀಕ್ಷೆಗೆ ಮುಂಜಾನೆ ಹೊತ್ತು ಒಳ್ಳೆಯದು. ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ಕೂಲಂಟ್ ಕುತ್ತಿಗೆಯವರೆಗೆ ಇರಬೇಕು. ಬಹಳ ಜನ ಪಕ್ಕದ ಪ್ಲಾಸ್ಟಿಕ್ ಬಾಟಲಿ ನೋಡಿ 'ತುಂಬೇತಿ' ಎಂದು ಬಾನೆಟ್ ಹಾಕುತ್ತಾರೆ. ಬಾಟಲಿ ತುಂಬಿ ರೇಡಿಯೇಟರ್ ಖಾಲಿ ಇರುವುದು ಹಳೇ ಗಾಡಿಗಳಲ್ಲಿ ಸಾಮಾನ್ಯ. ಬಿಸಿಯಾದಾಗ ಹಿಗ್ಗಿ ಬಾಟಲಿಗೆ ಹೋದ ಕೂಲಂಟು ತಣ್ಣಗಾದಾಗ ಹಿಂದಕ್ಕೆ ಬರಬೇಕು. ಮುಚ್ಚಳದ ನಡುವಿನ ಪುಟ್ಟ ವಾಲ್ವ್ ಅಂಟಿಕೊಂಡಿದ್ದರೆ ಅಥವಾ ಬಾಟಲಿಗೆ ಹೋಗುವ ಸಣ್ಣ ರಬ್ಬರ್ ನಳಿಕೆ ಸೀಳಿದ್ದರೆ ಅದು ಬರುವುದಿಲ್ಲ. ಮುಂಜಾನೆ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಂತೆ ಕಂಡರೆ ಆ ವಾಲ್ವೇ ಕಳ್ಳ.

ಮುಚ್ಚಳವನ್ನು ತಿರುಗಿಸಿ ಕೆಳಗಿನ ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ, ಕಲ್ಲಾಗಿದ್ದರೆ, ಸ್ಪ್ರಿಂಗ್ ಬೆರಳಿಗೆ ಮೆತ್ತಗೆ ಹತ್ತಿದರೆ ಬದಲಿಸಿ. ಸಣ್ಣ ಕಾರುಗಳ ಮುಚ್ಚಳದ ಮೇಲೆ ಸಾಮಾನ್ಯವಾಗಿ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಒತ್ತಡದ ಅಳತೆ. ಹಳೆಯದರ ಮೇಲೆ ಏನಿತ್ತೋ ಅದೇ ತನ್ನಿ. 0.9ರ ಮುಚ್ಚಳ ಗಟ್ಟಿಯಾಗಿದ್ದರೆ ನಮ್ಮೂರಿನ ಎತ್ತರದಲ್ಲಿ ಬರೀ ನೀರೂ 117-118 ಡಿಗ್ರಿವರೆಗೆ ಕುದಿಯದು. ಅದೇ ಸಡಿಲಾದರೆ ನೂರರ ಒಳಗೇ ಕುದಿಯತೊಡಗುತ್ತದೆ, ಫ್ಯಾನ್ ಚೆನ್ನಾಗಿದ್ದರೂ ಬಾಟಲಿಯಿಂದ ಉಕ್ಕುತ್ತದೆ. ಕೆಲ ನೂರು ರೂಪಾಯಿಯ ಈ ಸಾಮಾನನ್ನು ಅನುಮಾನ ಬಂದರೆ ಬದಲಿಸಿಬಿಡುವುದೇ ಜಾಣತನ. 'ಊಹೆಯಿಂದ ಸಾಮಾನು ಬದಲಿಸಬೇಡಿ' ಎಂಬ ನನ್ನ ಮಾತಿಗೆ ಇದೊಂದು ವಿನಾಯಿತಿ.

ಕೂಲಂಟ್ ಕಡಿಮೆ ಇತ್ತೆಂದರೆ ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಹೋಯಿತು ಎಂದು ಹುಡುಕಿ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿದರೆ ಮುಂಜಾನೆ ಕಲೆ ಕಾಣುತ್ತದೆ. ಹೋಸ್ ಕ್ಲಿಪ್ಪಿನ ಸುತ್ತ ಹಸಿರು ಅಥವಾ ಬಿಳಿ ಪೊರೆ, ಪಂಪಿನ ಕೆಳಗಿನ ಸಣ್ಣ ತೂತಿನಿಂದ ಇಳಿದ ಗೆರೆ, ಎಡಗಡೆ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾಗಿರುವುದು (ಹೀಟರ್ ಸೋರಿದ ಗುರುತು), ಎಲ್ಲ ನೋಡಿ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಬಿದ್ದದ್ದನ್ನು ನಾಯಿ, ಮಕ್ಕಳು ಮುಟ್ಟುವ ಮೊದಲು ತೊಳೆದುಬಿಡಿ.

ಗಾಳಿ ಬರುವ ದಾರಿ

ಈಗ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಜಾಳಿಗೆಯೊಳಗೆ ಟಾರ್ಚ್ ಬಿಡಿ. ನಮ್ಮ ಭಾಗದ ಗಾಡಿಗಳಿಗೆ ಇಲ್ಲೊಂದು ವಿಶೇಷ ಕಾಟ ಇದೆ. ರಾಶಿ ಕಾಲದಲ್ಲಿ ಗದಗ, ನವಲಗುಂದ, ಹಾವೇರಿ ಕಡೆಯ ಹಳ್ಳಿ ದಾರಿಗಳ ಮೇಲೆ ಕಡಲೆ, ಜೋಳ, ಹೆಸರು ಹಾಸಿರುತ್ತಾರೆ. ಅದರ ಮೇಲೆ ಹಾದು ಬಂದ ಗಾಡಿಯ ಜಾಳಿಗೆಯಲ್ಲಿ ಹೊಟ್ಟು ತುಂಬುತ್ತದೆ. ಹತ್ತಿ ಬಿಡಿಸುವ ಹೊತ್ತಿಗೆ ಅರಳೆಯ ಎಳೆ ಬಂದು ಅಂಟುತ್ತದೆ. ಅದರ ಮೇಲೆ ಎರೆ ಮಣ್ಣಿನ ಧೂಳು ಕೂತು ಒಂದು ಮಳೆ ಬಿದ್ದರೆ ಗೋಡೆಗೆ ಗಿಲಾವು ಮಾಡಿದಂತಾಗುತ್ತದೆ.

ಎಸಿ ಇರುವ ಗಾಡಿಯಲ್ಲಿ ಮುಂದೆ ಕಾಣುವುದು ಎಸಿಯ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ. ಕಸ ಸಿಕ್ಕಿಕೊಳ್ಳುವುದು ಇವೆರಡರ ನಡುವೆ, ಹೊರಗಿನಿಂದ ನೋಡಿದರೆ ಎಲ್ಲ ಸ್ವಚ್ಛ. ಮೇಲಿನ ಬೋಲ್ಟ್ ಬಿಚ್ಚಿ ರೇಡಿಯೇಟರನ್ನು ತುಸು ಹಿಂದಕ್ಕೆ ವಾಲಿಸಿ ನೋಡಬೇಕು. ತೊಳೆಯುವಾಗ ಎಂಜಿನ್ ತಣ್ಣಗಿರಲಿ, ನೀರು ಎಂಜಿನ್ ಕಡೆಯಿಂದ ಮುಂದಕ್ಕೆ ಬರಲಿ. ವಾಟರ್ ಸರ್ವಿಸಿಂಗ್‌ನ ಜೋರು ಪ್ರೆಷರ್ ಹತ್ತಿರದಿಂದ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಇನ್ನಷ್ಟು ಗಾಳಿ ಕಟ್ಟುತ್ತದೆ. ಮನೆಯ ತೋಟದ ಪೈಪು ಸಾಕು.

ಆಯುಧ ಪೂಜೆಯ ಚೆಂಡುಹೂವಿನ ಹಾರ ದೀಪಾವಳಿವರೆಗೂ ಜಾಳಿಗೆಯ ಮೇಲೆ ನೇತಾಡುವುದೂ ಉಂಟು. ಭಕ್ತಿಗೆ ನನ್ನ ಅಡ್ಡಿಯಿಲ್ಲ, ಮರುದಿನ ತೆಗೆದುಬಿಡಿ. ದೊಡ್ಡ ಬಂಪರ್ ಗಾರ್ಡ್, ಅದರ ನಡುವೆ ಕೂರಿಸಿದ ಹೆಚ್ಚುವರಿ ಲೈಟು, ಇವೂ ಗಾಳಿಗೆ ಅಡ್ಡ.

ಇನ್ನು ಯಾರೂ ನೋಡದ ಜಾಗ. ಫ್ಯಾನಿನ ಸುತ್ತ ಪ್ಲಾಸ್ಟಿಕ್ಕಿನ ಅಥವಾ ತಗಡಿನ ಕವಚ ಇರುತ್ತದೆ, ಶ್ರೌಡ್ ಅನ್ನುತ್ತಾರೆ. ಅದಿದ್ದರೆ ಫ್ಯಾನು ಇಡೀ ರೇಡಿಯೇಟರಿನಿಂದ ಗಾಳಿ ಎಳೆಯುತ್ತದೆ, ಇಲ್ಲದಿದ್ದರೆ ತನ್ನ ಎದುರಿನ ವೃತ್ತದಿಂದ ಮಾತ್ರ. ಎಂದೋ ಡಿಕ್ಕಿಯಾದಾಗ ಒಡೆದ ಕವಚವನ್ನು ತೆಗೆದೊಗೆದು ಗಾಡಿ ಜೋಡಿಸಿರುವವರು ಎಷ್ಟೋ ಜನ. ಹಾಗೆಯೇ ರೇಡಿಯೇಟರಿನ ಮೇಲೂ ಪಕ್ಕದಲ್ಲೂ ಇರುವ ರಬ್ಬರ್, ಸ್ಪಂಜಿನ ಪಟ್ಟಿಗಳು ಹೋಗಿದ್ದರೆ ನಿಂತ ಗಾಡಿಯಲ್ಲಿ ಹಿಂದಿನ ಬಿಸಿ ಗಾಳಿ ಸಂದಿಯಿಂದ ಸುತ್ತಿ ಮತ್ತೆ ಮುಂದೆ ಬರುತ್ತದೆ. ಓಡುವಾಗ ಇದು ಗೊತ್ತೇ ಆಗುವುದಿಲ್ಲ.

ಫ್ಯಾನ್: ಇಲ್ಲಿ ಅವಸರ ಬೇಡ

ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕೀಲಿ ತೆಗೆದ ಮೇಲೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗುತ್ತದೆ. ಫ್ಯಾನ್ ಮುಟ್ಟುವುದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ಚಾಲೂ ಇರುವಾಗ ಲುಂಗಿಯ ತುದಿ, ಶಾಲು, ದುಪಟ್ಟಾ ಬೆಲ್ಟಿನಿಂದ ದೂರ ಇರಲಿ.

ಮುಚ್ಚಳ ಹಾಕಿ, ಎಸಿ ಬಂದ್ ಇಟ್ಟು, ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಕಾಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಮುಳ್ಳು ನಡುವನ್ನು ಸ್ವಲ್ಪ ದಾಟುವ ಹೊತ್ತಿಗೆ ಫ್ಯಾನ್ ಶುರುವಾಗಬೇಕು. ಹೆಚ್ಚಿನ ಗಾಡಿಗಳಲ್ಲಿ ಅದು 90ರಿಂದ 100 ಡಿಗ್ರಿಯ ನಡುವೆ. ಒಂದೆರಡು ನಿಮಿಷ ತಿರುಗಿ, ಮುಳ್ಳು ಇಳಿದು, ತಾನೇ ನಿಲ್ಲಬೇಕು.

ಫ್ಯಾನ್ ಬಂತು, ಆದರೂ ಕಾಯುತ್ತಿದೆ ಅಂದರೆ ಪೇಪರ್ ಹಿಡಿಯಿರಿ. ಅಂಟಿ ನಿಂತರೆ ದಿಕ್ಕು ಸರಿ. ಹಾರಿಬಂದರೆ ನನ್ನ ಕಥೆಯೇ ನಿಮ್ಮದೂ. ಅಂಟಿದರೂ ಕೈ ಬಿಟ್ಟೊಡನೆ ಜಾರಿ ಬಿದ್ದರೆ ಫ್ಯಾನ್ ಸೊರಗಿದೆ, ಇಲ್ಲವೇ ದಾರಿ ಕಟ್ಟಿದೆ. ರೇಡಿಯೇಟರಿನ ಹಿಂದೆ ಕಟ್ಟಿದ ಫ್ಯಾನು ಗಾಳಿ ಎಳೆಯುವ ಬಗೆಯ ಗಾಡಿಗಳಿಗೆ ಈ ಮಾತು. ಎಸಿಗೆಂದು ಕಂಡೆನ್ಸರಿನ ಮುಂದೆ ಬೇರೆ ಫ್ಯಾನ್ ಕೂರಿಸಿದ್ದರೆ ಅದು ಹಿಂದಕ್ಕೆ ದೂಡುತ್ತಿರಬೇಕು.

ಸೊರಗಿದ ಫ್ಯಾನಿಗೆ ಎರಡು ಕಾರಣ. ಒಂದು, ಮೋಟರಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಬುಶ್ ಸವೆದಿರುವುದು. ಬ್ಯಾಟರಿ ಬಿಚ್ಚಿ ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಬಿಗಿ ಹಿಡಿಯಬಾರದು, ಅಲುಗಾಡಬಾರದು. ಮೋಟರಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ಶುರುವಾಗುತ್ತದೆ ಅಂದರೆ ಕಾರ್ಬನ್ ಮುಗಿದಿದೆ. ಎರಡನೆಯದು, ಮೋಟರಿಗೆ ಪೂರ್ತಿ ವೋಲ್ಟೇಜ್ ಹೋಗದಿರುವುದು. ಮಲ್ಟಿಮೀಟರ್ ಇದ್ದರೆ ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ಮೇಲೆ ನೋಡಿ, 13.5ರಿಂದ 14.4 ಇರಬೇಕು. ಫ್ಯಾನ್ ತಿರುಗುವಾಗಲೇ ಅದರ ಕಪ್ಲರಿನಲ್ಲಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವೆ ಎಲ್ಲೋ ಕಿಲುಬು ಹಿಡಿದಿದೆ. ಹೆಚ್ಚಿನ ಸಲ ಅದು ಬಾಡಿಗೆ ಕೂರಿಸಿದ ಅರ್ಥಿಂಗ್ ಬೋಲ್ಟು. ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿ, ಅಷ್ಟೇ.

ಫ್ಯಾನ್ ಬರಲೇ ಇಲ್ಲ ಅಂದರೆ ಮುಳ್ಳು ಕೆಂಪಿಗೆ ಹೋಗುವ ಮೊದಲು ಎಂಜಿನ್ ನಿಲ್ಲಿಸಿ ಒಂದೊಂದಾಗಿ ನೋಡುತ್ತ ಬನ್ನಿ. ಮೊದಲು ಫ್ಯೂಸ್. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಮತ್ತೆ ಸುಟ್ಟರೆ ಮೋಟರ್ ಜಾಮ್ ಆಗಿದೆ ಅಥವಾ ವಾಯರ್ ಎಲ್ಲೋ ಬಾಡಿಗೆ ತಗುಲುತ್ತಿದೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಚಾಳಿ ಈಗಲೂ ಇದೆ, ಅದರಿಂದ ಗಾಡಿಗೆ ಬೆಂಕಿ ಹತ್ತುತ್ತದೆ. ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್ಚು. ಪಕ್ಕದಲ್ಲಿ ಅದೇ ನಂಬರಿನ, ಅಷ್ಟೇ ಪಿನ್ನಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಆಮೇಲೆ ಮೋಟರಿನ ಕಪ್ಲರ್ ಬಿಚ್ಚಿ, ದಪ್ಪನೆಯ ಎರಡು ವಾಯರಿನಿಂದ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ, ಪ್ಲಸ್ಸಿನ ವಾಯರಿನಲ್ಲಿ ಒಂದು ಫ್ಯೂಸ್ ಇರಲಿ. ಆಗಲೂ ತಿರುಗದಿದ್ದರೆ ಮೋಟರ್ ಸತ್ತಿದೆ.

ನೇರ ಕೊಟ್ಟಾಗ ಜೋರಾಗಿ ತಿರುಗಿತು ಎನ್ನಿ. ಉಳಿದದ್ದು ಥರ್ಮೋ ಸ್ವಿಚ್, ಅಂದರೆ ಕಾವು ಏರಿದಾಗ ಫ್ಯಾನ್ ಚಾಲೂ ಮಾಡುವ ಸ್ವಿಚ್ಚು. ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಇದು ರೇಡಿಯೇಟರಿಗೋ ಥರ್ಮೋಸ್ಟಾಟ್ ಗೂಡಿನ ಹತ್ತಿರವೋ ಕೂತಿರುತ್ತದೆ. ಎರಡು ವಾಯರಿನದಾದರೆ ಕಪ್ಲರ್ ತೆಗೆದು ಆ ಎರಡನ್ನೂ ಒಂದು ತುಂಡು ವಾಯರಿನಿಂದ ಕೂಡಿಸಿ, ಒಂದೇ ವಾಯರಿನದಾದರೆ ಅದನ್ನು ಬಾಡಿಗೆ ಮುಟ್ಟಿಸಿ, ಕೀಲಿ ಆನ್ ಮಾಡಿ. ಫ್ಯಾನ್ ಬಂದರೆ ಸ್ವಿಚ್ ಕೆಟ್ಟಿದೆ. 2000ದ ಆಸುಪಾಸಿನಿಂದ ಬಂದ, ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಗಳಲ್ಲಿ ಈ ಕೆಲಸ ಕಂಪ್ಯೂಟರಿನದು, ಅಲ್ಲಿರುವುದು ಸ್ವಿಚ್ ಅಲ್ಲ, ಸೆನ್ಸರ್. ಅದರ ವಾಯರ್ ಕೂಡಿಸಬೇಡಿ. ಸೆನ್ಸರಿನ ಕಪ್ಲರ್ ತೆಗೆದು ಎಂಜಿನ್ ಚಾಲೂ ಮಾಡಿದರೆ ಬಹಳಷ್ಟು ಗಾಡಿಗಳಲ್ಲಿ ಕಂಪ್ಯೂಟರ್ ಹೆದರಿ ಫ್ಯಾನ್ ಬಿಡುತ್ತದೆ. ಬಿಟ್ಟರೆ ವಾಯರಿಂಗೂ ರಿಲೇಯೂ ಸರಿ ಎಂದಾಯಿತು.

ಎಸಿ ಹಾಕಿದ ತಕ್ಷಣ ಫ್ಯಾನ್ ಬರುತ್ತದೆ, ಎಸಿ ಬಂದ್ ಇದ್ದಾಗ ಎಷ್ಟು ಕಾದರೂ ಬರುವುದಿಲ್ಲ ಎಂದಿದ್ದರೆ, ಮತ್ತು ಗಾಡಿಗೆ ಇರುವುದು ಒಂದೇ ಫ್ಯಾನ್ ಆಗಿದ್ದರೆ, ಮೋಟರನ್ನು ಬಿಟ್ಟು ನೇರ ಸ್ವಿಚ್ ಅಥವಾ ಸೆನ್ಸರಿನ ಕಡೆ ಹೋಗಿ. ಅರ್ಧ ಗಂಟೆ ಉಳಿಯುತ್ತದೆ.

'ಡೈರೆಕ್ಟ್ ಮಾಡಿಬಿಡೋಣ್ರಿ' ಎಂಬ ಮಾತು ಈ ಹಂತದಲ್ಲಿ ಬಂದೇ ಬರುತ್ತದೆ, ಅಂದರೆ ಕೀಲಿ ಹಾಕಿದ ಕೂಡಲೇ ಫ್ಯಾನ್ ತಿರುಗುವಂತೆ ಕಟ್ಟುವುದು. ಸ್ವಿಚ್ ಸಿಗದೆ ಊರು ಮುಟ್ಟಬೇಕಾದಾಗ ತಪ್ಪೇನಿಲ್ಲ, ರಿಲೇ ಮತ್ತು ಫ್ಯೂಸ್ ಹಾಕಿಸಿ ಕಟ್ಟಿಸಿ. ಅದನ್ನೇ ಕಾಯಂ ಮಾಡಿದರೆ ಮೋಟರ್ ಬೇಗ ಸವೆಯುತ್ತದೆ, ಚಳಿಗಾಲದ ಮುಂಜಾನೆ ಎಂಜಿನ್ ಕಾವಿಗೆ ಬರಲು ತಡವಾಗುತ್ತದೆ, ಫ್ಯಾನ್ ನಿಂತುಹೋದ ದಿನ ಗೊತ್ತೂ ಆಗುವುದಿಲ್ಲ.

ಸುಮೋ, ಬೊಲೆರೊ ತರಹದ ಗಾಡಿಗಳಲ್ಲಿ ಫ್ಯಾನ್ ಎಂಜಿನ್ನಿಗೇ ಕಟ್ಟಿರುತ್ತದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇರುತ್ತದೆ. ಬಿಸಿಯಾದಾಗ ಅದು ಬಿಗಿ ಹಿಡಿದು ಫ್ಯಾನ್ ಭೋರೆಂದು ಸದ್ದು ಮಾಡಬೇಕು. ಎಂಜಿನ್ ಚೆನ್ನಾಗಿ ಕಾದಾಗ ಆಫ್ ಮಾಡಿ, ಕೀಲಿ ತೆಗೆದು, ಬಟ್ಟೆ ಸುತ್ತಿದ ಕೈಯಿಂದ ಫ್ಯಾನ್ ತಿರುಗಿಸಿ. ತಡೆಯೇ ಇಲ್ಲದೆ ಎರಡು ಮೂರು ಸುತ್ತು ಹೋದರೆ ಕ್ಲಚ್ ಮುಗಿದಿದೆ. ಅದರ ಮುಖದ ಮೇಲೆ ನಡುವಿನಿಂದ ಹೊರಕ್ಕೆ ಎಣ್ಣೆ ಗೆರೆಗಳಿದ್ದರೆ ಅದೂ ಅದೇ ಸುದ್ದಿ. ಅಂಬಾಸಿಡರ್‌ಗೆ ಇಷ್ಟು ರಗಳೆಯಿಲ್ಲ, ಬೆಲ್ಟ್ ಒಂದು ನೋಡಿ: ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು, ಹೆಚ್ಚಾದರೆ ಜಾರುತ್ತಿದೆ.

ಒಳಗೆ ಸಿಕ್ಕ ಗಾಳಿ

ಹೊರಗಿನ ಗಾಳಿ ಎಷ್ಟು ಬೇಕೋ ಒಳಗಿನ ಗಾಳಿ ಅಷ್ಟೇ ಬೇಡ. ಕೂಲಂಟ್ ಬದಲಿಸಿದ ಅಥವಾ ಹೋಸ್ ಬಿಚ್ಚಿದ ಮೇಲೆ ಕಾಯತೊಡಗಿದ್ದರೆ ಏರ್ ಲಾಕ್ ಇರಬಹುದು. ಡ್ಯಾಶ್‌ಬೋರ್ಡ್ ಹಿಂದೆ ಕೊಡ ತುಂಬುವಂಥ ಗುಳುಗುಳು ಸದ್ದು ಬರುತ್ತದೆ, ಎಂಜಿನ್ ಸುಡುತ್ತಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬರುತ್ತದೆ. ತಣ್ಣಗಿರುವಾಗ ಗಾಡಿಯ ಮುಖ ಏರಿಗೆ ಬರುವಂತೆ ನಿಲ್ಲಿಸಿ. ಧಾರವಾಡದವರಿಗೆ ಮನೆ ಮುಂದೆಯೇ ಏರು ಸಿಗುತ್ತದೆ. ಗಾಲಿಗೆ ಕಲ್ಲು ಕೊಟ್ಟು, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮುಚ್ಚಳ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬುತ್ತ ಹೋಗಿ. ಗುಳ್ಳೆ ನಿಂತ ಮೇಲೆ, ಉಕ್ಕುವ ಮೊದಲು, ಮುಚ್ಚಳ ಹಾಕಿ. ಕೆಲವು ಗಾಡಿಗಳಿಗೆ ಗಾಳಿ ತೆಗೆಯಲೆಂದೇ ಥರ್ಮೋಸ್ಟಾಟ್ ಹತ್ತಿರ ಸಣ್ಣ ಸ್ಕ್ರೂ ಇರುತ್ತದೆ.

ತಣ್ಣನೆ ಎಂಜಿನ್ ಚಾಲೂ ಮಾಡಿದ ಕ್ಷಣದಿಂದಲೇ ಗುಳ್ಳೆ ಏಳುತ್ತ, ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಅದು ಏರ್ ಲಾಕ್ ಅಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ಬೋರಿನ ನೀರು ಮಾಡುವ ಹಾನಿ

ನಮ್ಮ ಕಡೆ ಬೋರಿನ ನೀರು ಗಡಸು. ಎಷ್ಟೋ ಹಳ್ಳಿಗಳಲ್ಲಿ ಸವಳು. ಅದರಲ್ಲಿ ಚಹಾ ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ನೀರು ಹತ್ತು ವರ್ಷ ರೇಡಿಯೇಟರಿಗೆ ಹೋದರೆ ಪೆನ್ಸಿಲ್ಲಿಗಿಂತ ತೆಳ್ಳಗಿನ ನಳಿಕೆಗಳ ಗತಿ ಏನು? ಕೂಲಂಟ್ ಕಂದು ಬಣ್ಣಕ್ಕೆ ತಿರುಗಿ ತುಕ್ಕಿನ ಕೆಸರು ಕೈಗೆ ಹತ್ತಿದರೆ ಒಳಗೂ ಅದೇ ಕಥೆ.

ಗಾಡಿ ಕಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯೆಲ್ಲ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಕಾವು ಹಂತಹಂತವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ನಳಿಕೆ ಕಟ್ಟಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣ ಮನೆಯಲ್ಲಿದೆ ಎಂದು ತರಬೇಡಿ, ಅದು ಮನುಷ್ಯರ ಜ್ವರ ಅಳೆಯಲಷ್ಟೇ ಬಂದದ್ದು. ಕಾರ್ಖಾನೆಯವರು ಬಳಸುವುದು ಬೇಕು. ಹಿತ್ತಾಳೆಯ ಹಳೇ ರೇಡಿಯೇಟರನ್ನು ರಾಡಿಂಗ್ ಮಾಡಿಸಬಹುದು. ಅಲ್ಯೂಮಿನಿಯಂ ನಳಿಕೆ, ಪ್ಲಾಸ್ಟಿಕ್ ಟ್ಯಾಂಕಿನದಾದರೆ ಹೊಸದೇ ಲೇಸು.

ಹೊಸ ಕೂಲಂಟ್ ಹಾಕುವಾಗ ಡಬ್ಬಿ ಓದಿ. ಗಟ್ಟಿ ಕೂಲಂಟ್ ಆಗಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ, ಬೆರೆಸಿಯೇ ಮಾರುವುದಾಗಿದ್ದರೆ ನೀರು ಬೇಡ. 'ಜಾಸ್ತಿ ಹಾಕಿದರೆ ಜಾಸ್ತಿ ತಂಪು' ಎಂದು ಗಟ್ಟಿಯದನ್ನೇ ಸುರಿಯುವವರಿದ್ದಾರೆ. ಶಾಖ ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಕೂಲಂಟ್ ಇರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು.

ಥರ್ಮೋಸ್ಟಾಟ್, ಪಂಪು ಮತ್ತು ಸುಳ್ಳು ಹೇಳುವ ಮೀಟರ್

ಥರ್ಮೋಸ್ಟಾಟ್ ತೆಗೆದುಬಿಡುವುದು ನಮ್ಮಲ್ಲಿ ಮನೆಮದ್ದಿನಂತಾಗಿದೆ. ತೆಗೆದರೆ ಎಂಜಿನ್ ಯಾವಾಗಲೂ ಅರೆ ಬಿಸಿಯಲ್ಲಿ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ವಾಲ್ವ್. ಅಲ್ಲಿ ಅದನ್ನು ಕಿತ್ತರೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ. ಅನುಮಾನ ಇದ್ದರೆ ಬಿಚ್ಚಿ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ (ಅಡುಗೆಯ ಪಾತ್ರೆ ಬೇಡ). ಅದರ ಮೇಲೆ 82 ಎಂದೋ 88 ಎಂದೋ ಬರೆದಿರುತ್ತದೆ. ಆ ಡಿಗ್ರಿಗೆ ಬಾಯಿ ಬಿಡಲು ಶುರುವಾಗಿ, ನೀರು ಕುದಿಯುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ತೆರೆದಿರಬೇಕು.

ಪಂಪಿನ ತೂತಿನಿಂದ ಹನಿ ಬೀಳುತ್ತಿದ್ದರೆ, ಪುಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಬದಲಿಸಲೇಬೇಕು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ವಾಟರ್ ಬಾಡಿ ಎನ್ನುವುದೂ ಉಂಟು. ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಟೈಮಿಂಗ್ (ಸಿಲಿಂಡರಿನಲ್ಲಿ ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದ್ದರೂ ನಿಂತಲ್ಲಿ ಕಾಯುತ್ತದೆ, ಹಳೇ ಮಿಸ್ತ್ರಿಗಳು ಕಿವಿಯಿಂದಲೇ ಹೇಳುತ್ತಾರೆ.

ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಏರಿ, ಆಫ್ ಮಾಡಿದೊಡನೆ ಇಳಿದರೆ ಎಂಜಿನ್ ಕಾದಿಲ್ಲ. ಮೀಟರಿನ ಅರ್ಥಿಂಗ್ ಸಡಿಲಾಗಿದೆ.

ಗ್ಯಾಸ್ಕೆಟ್

ಈಗ ಆ ನಿಲ್ಲದ ಗುಳ್ಳೆಗಳ ವಿಷಯ. ಹೆಡ್ ಗ್ಯಾಸ್ಕೆಟ್ ಹೋದರೆ ಸಿಲಿಂಡರಿನ ಉರಿಗಾಳಿ ಕೂಲಂಟಿಗೆ ನುಗ್ಗುತ್ತದೆ. ತಣ್ಣನೆ ಗಾಡಿ ಚಾಲೂ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುವುದು, ಸೋರಿಕೆ ಕಾಣದೆ ಕೂಲಂಟ್ ಕಡಿಮೆಯಾಗುತ್ತಿರುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುವುದು, ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗುವುದು ಇದರ ಗುರುತುಗಳು. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ರೇಡಿಯೇಟರಿನ ಬಾಯಿಗೆ ಹಿಡಿದಾಗ ಉರಿಗಾಳಿ ತಾಗಿದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷೆಯ ದ್ರವ ಕೆಲವು ಗ್ಯಾರೇಜುಗಳಲ್ಲಿ ಇರುತ್ತದೆ, ಹೆಡ್ ಬಿಚ್ಚುವ ಮೊದಲು ಅದನ್ನು ಮಾಡಿಸಿ. ಬಿಚ್ಚಿದರೆ ಬರೀ ಪ್ಯಾಕಿಂಗ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ಡು ಸಪಾಟಾಗಿದೆಯೇ ಎಂದು ಅಳೆಸಿ, ಬೇಕಾದರೆ ಫೇಸಿಂಗ್ ಮಾಡಿಸಿ, ಅಂದರೆ ಮಷಿನ್ನಿನಲ್ಲಿ ಹೆರೆಸಿ ಸಪಾಟು ಮಾಡಿಸಿ.

ಗ್ಯಾರೇಜಿಗೆ ಹೋಗುವುದೇ ಆದರೆ 'ಗಾಡಿ ಹೀಟ್ ಆಗತೈತಿ' ಎಂದಷ್ಟೇ ಹೇಳಬೇಡಿ. ನಿಂತು ಎಷ್ಟು ನಿಮಿಷಕ್ಕೆ ಏರುತ್ತದೆ, ಎಸಿ ಇದ್ದಾಗಲೋ ಇಲ್ಲದಾಗಲೋ, ಫ್ಯಾನ್ ಬರುತ್ತದೋ ಇಲ್ಲವೋ, ಪೇಪರ್ ಅಂಟಿತೋ ಹಾರಿತೋ, ವಾರಕ್ಕೆ ಎಷ್ಟು ನೀರು ಕುಡಿಯುತ್ತದೆ, ಕೊನೆಗೆ ಯಾವ ಸಾಮಾನು ಬದಲಿಸಿದ್ದು, ಇಷ್ಟನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಫೆಬ್ರುವರಿಯ ಮೋಟರಿನ ಸಂಗತಿ ನಾನು ಮೊದಲ ದಿನವೇ ಹೇಳಿದ್ದರೆ ಮೂರು ವಾರ ಉಳಿಯುತ್ತಿತ್ತು. ಆ ತಪ್ಪು ಗ್ಯಾರೇಜಿನವರದಲ್ಲ.

ರಿಪೇರಿ ಆದ ಮೇಲೆ ಅಲ್ಲೇ ಬಿಸಿಲಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಇಪ್ಪತ್ತು ನಿಮಿಷ ಕಾಯಿರಿ. ಎಸಿ ಇಲ್ಲದೆ ಫ್ಯಾನ್ ಮೂರು ಸಲ ಬಂದು ಮೂರು ಸಲ ನಿಲ್ಲಬೇಕು. ಆಮೇಲೆ ಎಸಿ ಹಾಕಿ ಇನ್ನೊಂದು ಹತ್ತು ನಿಮಿಷ. ಮುಂದಿನ ಮೂರು ದಿನ ಮುಂಜಾನೆ, ಕೀಲಿ ಹಾಕುವ ಮೊದಲು, ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ. ಮೊದಲ ದಿನ ಅರ್ಧ ಲೋಟ ಹಿಡಿದರೆ ಅದು ಒಳಗಿನ ಗಾಳಿ ಹೊರಬಂದ ಲೆಕ್ಕ. ಮೂರನೆಯ ದಿನವೂ ಹಿಡಿದರೆ ರಟ್ಟು ಹಾಸಿ ಸೋರಿಕೆ ಹುಡುಕಲು ಶುರು ಮಾಡಿ.